ಹೃದಯಾಘಾತವಾದ ಮೇಲೆ ನಡೆಯಬಹುದೇ?

ತೆಂಗಿನ ಸೀಮೆಯ ಯಾವ ಊರನ್ನು ಬೇಕಾದರೂ ತೆಗೆದುಕೊಳ್ಳಿ. ಹೊನ್ನವಳ್ಳಿಯಾಗಲಿ, ತುರುವೇಕೆರೆ ಕಡೆಯ ಹಳ್ಳಿಯಾಗಲಿ, ಚಿಕ್ಕನಾಯಕನಹಳ್ಳಿಯಾಗಲಿ, ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ನೋಡಲು ನೆಂಟರಿಷ್ಟರು ಹಣ್ಣು, ಬ್ರೆಡ್ಡು ಹಿಡಿದು ಬರುತ್ತಾರೆ. ಬಂದವರೆಲ್ಲರೂ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಯಜಮಾನ್ರೇ, ಇನ್ನು ನೀವು ಒಂದು ಕಾಯಿನೂ ಎತ್ತಬ್ಯಾಡಿ. ತೋಟ ಹುಡುಗರು ನೋಡ್ಕಳ್ತಾರೆ. ಸುಮ್ನೆ ಮಲಗಿರಿ."

ಇದು ಪ್ರೀತಿಯ ಮಾತು. ಆದರೆ ಇದನ್ನು ಅಕ್ಷರಶಃ ಪಾಲಿಸಿದವರ ಸ್ಥಿತಿ ಮೂರು ತಿಂಗಳ ನಂತರ ಹೇಗಿರುತ್ತದೆ, ನೀವು ಗಮನಿಸಿದ್ದೀರಾ? ಬಚ್ಚಲಿಗೆ ಹೋಗಿ ಬಂದರೆ ಏದುಸಿರು ಬರುತ್ತದೆ. ತೋಟದ ಬೇಲಿಯವರೆಗೆ ನಡೆದರೆ ಕಾಲು ಸೋಲುತ್ತದೆ. ಅದನ್ನು ಕಂಡ ಮನೆಯವರು "ಹೃದಯ ಇನ್ನೂ ಸರಿಹೋಗಿಲ್ಲ" ಎಂದು ಗಾಬರಿಯಾಗಿ ಮತ್ತೆ ಮಲಗಿಸುತ್ತಾರೆ. ಹೀಗೆ ಸೋತಿರುವುದರಲ್ಲಿ ಹೃದಯದ ಪಾಲು ಎಷ್ಟು, ಮಂಚದ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದನ್ನೇ ಇಲ್ಲಿ ಕೇಳಿ ನೋಡೋಣ.

ಇದು ವಯಸ್ಸಾದವರ ವಿಷಯ, ನಮಗೇಕೆ ಎಂದು ನೀವು ಭಾವಿಸಬಹುದು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ದಕ್ಷಿಣ ಏಷ್ಯಾ ಭಾಗದ ವಿವರಗಳು 2007ರಲ್ಲಿ ಪ್ರಕಟವಾದವು. ಮೊದಲ ಹೃದಯಾಘಾತದ ನಡುಮಟ್ಟದ ವಯಸ್ಸು ಬೇರೆ ಕಡೆಯವರಲ್ಲಿ ಸುಮಾರು 59 ಆಗಿದ್ದರೆ, ನಮ್ಮ ಭಾಗದವರಲ್ಲಿ 53 ಆಗಿತ್ತು. ಐವತ್ತಮೂರು ಎಂದರೆ ಅಜ್ಜನ ವಯಸ್ಸಲ್ಲ. ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರ ತಂದೆಯ ವಯಸ್ಸು. ಆಸ್ಪತ್ರೆಯಿಂದ ಬಂದ ತಂದೆಯ ಪಕ್ಕದಲ್ಲಿ ನಡೆಯಬೇಕಾದವರು ಬಹಳ ಮನೆಗಳಲ್ಲಿ ನೀವೇ.

ಮಂಚದ ಕಥೆ

ಮಲಗಿಸುವ ಪದ್ಧತಿಯನ್ನು ಹಳ್ಳಿಯವರು ಕಂಡುಹಿಡಿದದ್ದಲ್ಲ. ಅದನ್ನು ಕಲಿಸಿದವರು ವೈದ್ಯರೇ. 1912ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಸ್ಪಷ್ಟವಾಗಿ ವಿವರಿಸಿ, ಅಂಥವರಿಗೆ ಸಂಪೂರ್ಣ ವಿಶ್ರಾಂತಿ ಬೇಕೆಂದರು. ಆಗ ಬೇರೆ ಮದ್ದೂ ಇರಲಿಲ್ಲ. ಗಾಯಗೊಂಡ ಹೃದಯದ ಸ್ನಾಯು ಒಣಗಿ ಕಲೆಗಟ್ಟಲು ವಾರಗಳು ಬೇಕು, ಅಲ್ಲಿಯವರೆಗೆ ಅಲುಗಾಡಿದರೆ ಹೃದಯದ ಗೋಡೆ ಒಡೆದೀತು ಎಂಬ ಭಯವಿತ್ತು. ಹಾಗಾಗಿ ಆರು ವಾರ ಹಾಸಿಗೆ ಬಿಡಬಾರದೆಂಬ ನಿಯಮ ದಶಕಗಳ ಕಾಲ ನಡೆಯಿತು. 1952ರಲ್ಲಿ ಬಾಸ್ಟನ್ನಿನ ಸ್ಯಾಮುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಮಂಚದಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ಬರೀ ಕುರ್ಚಿ! ಅಷ್ಟಕ್ಕೇ ಅಂದು ದೊಡ್ಡ ವಿರೋಧ ಬಂತು.

ವಿಚಿತ್ರವೆಂದರೆ ಇದಕ್ಕಿಂತ ನೂರೈವತ್ತು ವರ್ಷ ಹಿಂದೆಯೇ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಒಂದು ಸುಳಿವು ಕೊಟ್ಟಿದ್ದ. ನಡೆದಾಗ ಬರುವ ಎದೆನೋವನ್ನು ಮೊದಲು ಚೆನ್ನಾಗಿ ವರ್ಣಿಸಿದವನು ಅವನೇ. ದಿನವೂ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡ ತನ್ನ ಪರಿಚಯದ ಒಬ್ಬ ರೋಗಿ ಬಹುಮಟ್ಟಿಗೆ ಗುಣವಾದನೆಂದು 1802ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. ಓದಿದವರು ಆ ಸಾಲನ್ನು ದಾಟಿ ಮುಂದೆ ಹೋದರು.

ಮಲಗುವುದರಿಂದ ಏನಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದ್ದು ಅಮೆರಿಕದ ಡಲ್ಲಾಸ್ ನಗರದ 1966ರ ಒಂದು ಪ್ರಯೋಗ. ನಿಮ್ಮದೇ ವಯಸ್ಸಿನ, ಅಂದರೆ ಇಪ್ಪತ್ತರ ಆಸುಪಾಸಿನ ಐವರು ಆರೋಗ್ಯವಂತ ತರುಣರನ್ನು 20 ದಿನ ಹಾಸಿಗೆಯಲ್ಲೇ ಇರಿಸಲಾಯಿತು. ದೇಹ ತನ್ನ ಗರಿಷ್ಠ ಶ್ರಮದಲ್ಲಿ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣ ಅಷ್ಟರಲ್ಲೇ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ, ಐವತ್ತು ವಯಸ್ಸಾಗಿದ್ದ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ತಂದ ನಷ್ಟಕ್ಕಿಂತ ಅಂದಿನ ಮೂರು ವಾರದ ಮಂಚ ತಂದ ನಷ್ಟವೇ ಹೆಚ್ಚಾಗಿತ್ತು! ಆಮೇಲೆ ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ತುಳಿತದ ಅಭ್ಯಾಸ ಮಾಡಿಸಿದಾಗ ವಯಸ್ಸಿನಿಂದಾದ ನಷ್ಟ ಅವರಿಗೆ ಮರಳಿ ದಕ್ಕಿತು. ಐವರೇ ಆದ ಪ್ರಯೋಗದಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಹೃದ್ರೋಗವೇ ಇಲ್ಲದ ತರುಣರ ಗತಿಯೇ ಹೀಗಾದರೆ, ಮೂರು ತಿಂಗಳು ಮಲಗಿದ ಯಜಮಾನರ ಏದುಸಿರಿಗೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಲಾಭ ಎಲ್ಲಿ ಆಗುತ್ತದೆ?

ಏರೋಬಿಕ್ ವ್ಯಾಯಾಮವೆಂದರೆ ಸ್ನಾಯುಗಳು ಆಮ್ಲಜನಕವನ್ನು ಬಳಸಿಕೊಂಡೇ ಶಕ್ತಿ ಪಡೆದು, ಒಂದೇ ಹದದಲ್ಲಿ ಸ್ವಲ್ಪ ಹೊತ್ತು ನಡೆಸುವ ಚಟುವಟಿಕೆ. ಬಿರುಸಿನ ನಡಿಗೆ, ಸೈಕಲ್ ಸವಾರಿ, ಈಜು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇದಕ್ಕೆ ಸಂಗೀತವಾಗಲಿ, ಬಣ್ಣದ ಉಡುಪಾಗಲಿ ಬೇಕಿಲ್ಲ.

ಇಂಥ ವ್ಯಾಯಾಮ ಹೃದಯದ ರಕ್ತನಾಳದಲ್ಲಿರುವ ಅಡ್ಡಿಯನ್ನು ಕರಗಿಸಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸತ್ತ ಸ್ನಾಯುವನ್ನೂ ಅದು ಬದುಕಿಸುವುದಿಲ್ಲ. ಅದು ಮಾಡುವ ಮುಖ್ಯ ಕೆಲಸ ನಡೆಯುವುದು ಹೃದಯದಿಂದ ದೂರದಲ್ಲಿ, ತೊಡೆ ಮತ್ತು ಮೀನಖಂಡಗಳಲ್ಲಿ.

ಪಿ.ಯು.ಸಿ. ಜೀವಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಬಡಿಯುತ್ತದೆ, ಒಂದು ಬಡಿತಕ್ಕೆ 70 ಮಿಲಿ ಲೀಟರಿನಷ್ಟು ರಕ್ತವನ್ನು ದೂಡುತ್ತದೆ, ಒಟ್ಟು ನಿಮಿಷಕ್ಕೆ 5 ಲೀಟರ್. ನಡೆಯುವಾಗ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ, ಹೃದಯ ವೇಗ ಹೆಚ್ಚಿಸಬೇಕಾಗುತ್ತದೆ. ಅಭ್ಯಾಸವಿಲ್ಲದ ಸ್ನಾಯು ತನ್ನ ಬಳಿಗೆ ಬಂದ ರಕ್ತದಿಂದ ಸ್ವಲ್ಪವೇ ಆಮ್ಲಜನಕ ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ, ಮತ್ತೆ ಇನ್ನಷ್ಟು ರಕ್ತ ಕೊಡು ಎನ್ನುತ್ತದೆ. ದಿನವೂ ನಡೆಯುವವರ ಸ್ನಾಯುವಿನಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ. ಅದೇ ರಕ್ತದಿಂದ ಅದು ಹೆಚ್ಚು ಹೀರಿಕೊಳ್ಳುತ್ತದೆ. ಹನಿ ನೀರಾವರಿ ಹಾಕಿದ ತೋಟ ಕಡಿಮೆ ನೀರಿನಲ್ಲಿ ನಡೆದರೆ ಬಾವಿಯ ಪಂಪಿಗೆ ಬಿಡುವು ಸಿಗುತ್ತದಲ್ಲ, ಹಾಗೆ. ಪಂಪು ಹಳೆಯದೇ, ಕೇಳಿಕೆ ಕಡಿಮೆಯಾಗಿದೆ.

ಈ ಬಿಡುವಿಗೆ ಇನ್ನೊಂದು ಬೆಲೆಯೂ ಇದೆ. ಹೃದಯ ದೇಹಕ್ಕೆಲ್ಲ ರಕ್ತ ಹಂಚುವುದು ಸಂಕುಚಿಸುವಾಗ; ತನ್ನ ಸ್ವಂತ ಸ್ನಾಯುವಿಗೆ ಕರೋನರಿ ರಕ್ತನಾಳಗಳ ಮೂಲಕ ರಕ್ತ ಪಡೆಯುವುದು ಹೆಚ್ಚಾಗಿ ಸಡಿಲಗೊಂಡಾಗ. ಬಡಿತದ ಒಂದು ಸುತ್ತಿಗೆ ಹಿಡಿಯುವ 0.8 ಸೆಕೆಂಡಿನಲ್ಲಿ ಸಂಕೋಚನಕ್ಕೆ ಸುಮಾರು 0.3, ಸಡಿಲಿಕೆಗೆ 0.5 ಸೆಕೆಂಡು. ಬಡಿತದ ವೇಗ ಹೆಚ್ಚಿದಾಗ ಹೆಚ್ಚು ಕತ್ತರಿ ಬೀಳುವುದು ಈ ಸಡಿಲಿಕೆಯ ಹೊತ್ತಿಗೇ. ಅಂದರೆ ಹೃದಯಕ್ಕೆ ಕೆಲಸ ಜಾಸ್ತಿಯಾದ ಸಮಯದಲ್ಲೇ ಊಟದ ವೇಳೆ ಕಡಿಮೆ. ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು ಬರುವುದು ಇಲ್ಲಿ.

ವೈದ್ಯರು ಇದನ್ನು ಒಂದು ಸರಳ ಗುಣಾಕಾರದಿಂದ ಅಳೆಯುತ್ತಾರೆ: ನಿಮಿಷದ ಬಡಿತವನ್ನು ಮೇಲಿನ ರಕ್ತದೊತ್ತಡದಿಂದ ಗುಣಿಸುವುದು. ಉದಾಹರಣೆಗೆ ಒಬ್ಬರಿಗೆ ಒಂದು ವೇಗದಲ್ಲಿ ನಡೆದಾಗ ಬಡಿತ 120, ಒತ್ತಡ 150 ಎಂದಿಟ್ಟುಕೊಳ್ಳಿ. ಗುಣಲಬ್ಧ 18,000, ಅಲ್ಲಿಗೆ ಅವರ ಎದೆ ಹಿಡಿಯುತ್ತದೆ. ಮೂರು ತಿಂಗಳ ಅಭ್ಯಾಸದ ನಂತರ ಅದೇ ವೇಗದಲ್ಲಿ ಬಡಿತ 105, ಒತ್ತಡ 140 ಆದರೆ ಗುಣಲಬ್ಧ 14,700. ರಕ್ತನಾಳ ಮೊದಲಿದ್ದಂತೆಯೇ ಇದ್ದರೂ ಅದೇ ದಾರಿಯನ್ನು ಅವರು ನೋವಿಲ್ಲದೆ ನಡೆಯುತ್ತಾರೆ. ಈ ಅಂಕಿಗಳು ವಿವರಣೆಗಾಗಿ ನಾನು ಆರಿಸಿದವು. ಆದರೆ ನಡೆಯುವ ಕ್ರಮ ಇದೇ.

ರಕ್ತನಾಳಗಳಿಗೂ ಲಾಭವಿಲ್ಲವೆಂದಲ್ಲ. ರಕ್ತ ರಭಸದಿಂದ ಹರಿದಾಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡಿ ನಾಳವನ್ನು ಹಿಗ್ಗಿಸುತ್ತದೆ. ಈ ಅನಿಲದ ಪಾತ್ರವನ್ನು ಕಂಡುಕೊಂಡ ಮೂವರಿಗೆ 1998ರ ನೊಬೆಲ್ ಪ್ರಶಸ್ತಿ ಬಂತು. ನಿತ್ಯ ವ್ಯಾಯಾಮದಿಂದ ಈ ಶಕ್ತಿ ಚುರುಕಾಗುತ್ತದೆ. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರುವುದೂ ಉಂಟು. (ಕೊಬ್ಬರಿ ತಿನ್ನಬಹುದೇ ಬಾರದೇ ಎಂಬುದು ನಮ್ಮ ಸೀಮೆಯಲ್ಲಿ ತಪ್ಪದೆ ಬರುವ ಪ್ರಶ್ನೆ. ಅದಕ್ಕೆ ಬೇರೆಯೇ ಒಂದು ಲೇಖನ ಬೇಕು.)

ಇದೆಲ್ಲ ಬರಿಯ ತರ್ಕವೇ, ರೋಗಿಗಳಲ್ಲಿ ಕಂಡದ್ದೇ? 85 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2023ರಲ್ಲಿ ಪ್ರಕಟವಾಯಿತು. ವ್ಯಾಯಾಮದ ಪುನಶ್ಚೇತನ ಪಡೆದವರಲ್ಲಿ ಹೃದ್ರೋಗದಿಂದ ಸಾಯುವ ಅಪಾಯ ಸುಮಾರು ಕಾಲುಭಾಗ ಕಡಿಮೆಯಿತ್ತು. ಮತ್ತೆ ಹೃದಯಾಘಾತವಾಗುವುದು, ಮತ್ತೆ ಆಸ್ಪತ್ರೆ ಸೇರುವುದು ಕೂಡ ಕಡಿಮೆಯಿತ್ತು. 2004ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ವೈದ್ಯರು ಇನ್ನೂ ಧೈರ್ಯದ ಹೋಲಿಕೆಯೊಂದನ್ನು ಪ್ರಕಟಿಸಿದರು. ರೋಗ ಸ್ಥಿರವಾಗಿದ್ದ 101 ಗಂಡಸರಲ್ಲಿ ಅರ್ಧ ಜನಕ್ಕೆ ಸ್ಟೆಂಟ್, ಉಳಿದವರಿಗೆ ದಿನಕ್ಕೆ 20 ನಿಮಿಷ ಸೈಕಲ್ ತುಳಿತ. ವರ್ಷದ ಕೊನೆಗೆ ತೊಂದರೆಯಿಲ್ಲದೆ ಉಳಿದವರು ಸ್ಟೆಂಟ್ ಗುಂಪಿನಲ್ಲಿ ಶೇ. 70, ಸೈಕಲ್ ಗುಂಪಿನಲ್ಲಿ ಶೇ. 88. ಇದನ್ನು ಓದಿ ಸ್ಟೆಂಟ್ ಬೇಡವೆನ್ನಬೇಡಿ. ಇದು ಸಣ್ಣ ಪ್ರಯೋಗ. ಹೃದಯಾಘಾತವಾಗುತ್ತಿರುವ ಗಳಿಗೆಯಲ್ಲಿ ಜೀವ ಉಳಿಸುವುದು ಸ್ಟೆಂಟ್ ಅಥವಾ ಹೆಪ್ಪು ಕರಗಿಸುವ ಚುಚ್ಚುಮದ್ದೇ. ಸೈಕಲ್ಲಿನ ಸರದಿ ಆಮೇಲೆ. ಮಾತ್ರೆಗಳಂತೂ ಎರಡೂ ಕಡೆ ತಪ್ಪದೆ ಬೇಕು.

ಭಯ ಮತ್ತು ಹದ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿ ಹರಡಿ ರಾಜ್ಯದಾದ್ಯಂತ ಜನ ಬೆಚ್ಚಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಸಾಲುಗಟ್ಟಿದರು. ತಪಾಸಣೆಗೆ ಹೋದದ್ದು ಒಳ್ಳೆಯದೇ. ಆದರೆ ವ್ಯಾಯಾಮವೇ ಕೊಲ್ಲುತ್ತದೆಂದು ನಂಬಿ ನಡಿಗೆಯನ್ನೂ ಬಿಟ್ಟವರಿದ್ದರೆ ಅದು ಸರಿಯಲ್ಲ. ಒಬ್ಬರ ಸಾವಿನಿಂದ, ಅದು ಎಷ್ಟೇ ಪ್ರೀತಿಪಾತ್ರರದಾಗಿದ್ದರೂ, ಇಂಥ ತೀರ್ಮಾನಕ್ಕೆ ಬರಲಾಗದು.

ಭಯಕ್ಕೆ ಆಧಾರವೇ ಇಲ್ಲವೆಂದೂ ಅಲ್ಲ. 1993ರಲ್ಲಿ ಬಾಸ್ಟನ್ನಿನ ಸಂಶೋಧಕರು ಹೃದಯಾಘಾತವಾದ 1,200ಕ್ಕೂ ಹೆಚ್ಚು ಜನರನ್ನು ವಿಚಾರಿಸಿ ನೋಡಿದರು. ವಾರಕ್ಕೊಮ್ಮೆಯೂ ಮೈ ಬಗ್ಗಿಸದವರು ಇದ್ದಕ್ಕಿದ್ದಂತೆ ಭಾರೀ ಶ್ರಮ ಮಾಡಿದರೆ ಆ ನಂತರದ ಒಂದು ಗಂಟೆಯಲ್ಲಿ ಅಪಾಯ ನೂರು ಪಟ್ಟಿಗೂ ಮೇಲೆ ಏರುತ್ತಿತ್ತು. ವಾರಕ್ಕೆ ಐದು ದಿನ ಅಭ್ಯಾಸವಿದ್ದವರಲ್ಲಿ ಅದು ಎರಡೂವರೆ ಪಟ್ಟನ್ನೂ ಮುಟ್ಟಲಿಲ್ಲ. ಅಪಾಯವಿರುವುದು ಅಭ್ಯಾಸವಿಲ್ಲದ ದೇಹದ ಮೇಲೆ ಹಠಾತ್ತನೆ ಬೀಳುವ ಭಾರದಲ್ಲಿ.

ಆದ್ದರಿಂದ ನಡಿಗೆಗೂ ಮಾತ್ರೆಯ ಹಾಗೆ ಪ್ರಮಾಣ ಬೇಕು. ಮೊದಲಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಒಪ್ಪಿಗೆ ಪಡೆಯಿರಿ. ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಕಾಲು ಊದಿ ಉಸಿರು ಕಟ್ಟುವವರು, ಕವಾಟ ತೀರಾ ಕಿರಿದಾಗಿರುವವರು, ರಕ್ತದೊತ್ತಡ ಹತೋಟಿಗೆ ಬರದವರು ಈಗಲೇ ಆರಂಭಿಸಬಾರದು. ಜ್ವರ ಬಂದ ದಿನ ಯಾರೂ ಬೇಡ. ಒಪ್ಪಿಗೆ ಸಿಕ್ಕಿತೆಂದರೆ ಸಮತಟ್ಟಾದ ಜಾಗದಲ್ಲಿ ಐದು ಹತ್ತು ನಿಮಿಷ, ದಿನಕ್ಕೆ ಎರಡು ಸಲ, ನಿಧಾನವಾಗಿ ಶುರು ಮಾಡಿಸಿ. ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತ ಹೋಗಿ, ಕೆಲವು ವಾರಗಳಲ್ಲಿ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಎಂಬಲ್ಲಿಗೆ ತಲಪಬಹುದು. ಊಟವಾದ ಕೂಡಲೇ ಬೇಡ, ಮಧ್ಯಾಹ್ನದ ಬಿಸಿಲಲ್ಲಿ ಬೇಡ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನವಿರಲಿ. ಫಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ತಂಗಿ ತಲೆ ಸುತ್ತುತ್ತದೆ.

ವೇಗ ಎಷ್ಟಿರಬೇಕು? ನಾಡಿ ಎಣಿಸಿ ಹೇಳುವುದು ಹಳೆಯ ಕ್ರಮ. ಆದರೆ ಹೃದಯಾಘಾತವಾದ ಬಹಳ ಮಂದಿ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿರುತ್ತಾರೆ. ಅದು ಬಡಿತವನ್ನು ತಗ್ಗಿಸುವುದರಿಂದ ಪುಸ್ತಕದ ಲೆಕ್ಕ ಅವರಿಗೆ ಹೊಂದುವುದಿಲ್ಲ. ಅದಕ್ಕಿಂತ ಮಾತಿನ ಪರೀಕ್ಷೆ ಒಳ್ಳೆಯದು: ನಡೆಯುತ್ತ ನಿಮ್ಮೊಡನೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಹಾಡಲೂ ಬಂದರೆ ವೇಗ ಸಾಲದು. ಮಾತು ತುಂಡಾಗುತ್ತಿದ್ದರೆ ಹೆಚ್ಚಾಯಿತು. ಇದಕ್ಕೆ ಪಕ್ಕದಲ್ಲಿ ಮಾತಾಡುವವರು ಒಬ್ಬರು ಬೇಕು ಎಂಬುದೂ ಒಂದು ಅನುಕೂಲವೇ.

ದೂರವನ್ನು ಅಳೆಯಲು ತೋಟವೇ ಸಾಕು. ಮರದಿಂದ ಮರಕ್ಕೆ ಮೂವತ್ತು ಅಡಿ ಅಂತರ ಬಿಟ್ಟು ನೆಟ್ಟ ಸಾಲಿನಲ್ಲಿ ಹನ್ನೆರಡು ಮರದ ಉದ್ದ ನಡೆದರೆ 330 ಅಡಿ, ಅಂದರೆ ನೂರು ಮೀಟರು. ಆಸ್ಪತ್ರೆಗಳಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಎಂದು ಮಾಡುತ್ತಾರೆ. ಆರು ನಿಮಿಷದಲ್ಲಿ ರೋಗಿ ತನ್ನ ಹದದಲ್ಲಿ ಎಷ್ಟು ಮೀಟರು ನಡೆದರೆಂದು ಬರೆದುಕೊಳ್ಳುವುದು, ಅಷ್ಟೆ. ವೈದ್ಯರು ಒಪ್ಪಿದ್ದರೆ ನೀವೂ ತಿಂಗಳಿಗೊಮ್ಮೆ ಹೀಗೆ ಬರೆದಿಟ್ಟು, ಮುಂದಿನ ಭೇಟಿಯಲ್ಲಿ ಆ ಪುಸ್ತಕ ತೋರಿಸಬಹುದು.

"ನಾನು ದಿನಾ ತೋಟದಲ್ಲಿ ದುಡಿಯೋನು, ನನಗೆ ಯಾಕಪ್ಪ ವಾಕಿಂಗು?" ಎಂಬ ಮಾತು ಬಂದೇ ಬರುತ್ತದೆ. ತೋಟದ ಕೆಲಸಗಳೆಲ್ಲ ಒಂದೇ ತರಹದವಲ್ಲ. ಉದುರಿದ ಗರಿ ಆಯುವುದು, ಸಾಲಿನಲ್ಲಿ ಓಡಾಡಿ ನೀರು ನೋಡುವುದು ನಡಿಗೆಗೆ ಹತ್ತಿರ. ನೆಟ್ಟ ಕಬ್ಬಿಣದ ಮೊನೆಯ ಮೇಲೆ ಕಾಯಿ ಸುಲಿಯುವುದು ಹಾಗಲ್ಲ. ತೋಳು, ಎದೆಯ ಸ್ನಾಯು ಬಿಗಿದು ಉಸಿರು ಹಿಡಿದು ಒತ್ತುವ ಕೆಲಸ ಅದು. ಉಸಿರು ಬಿಗಿಹಿಡಿದು ಭಾರ ತಳ್ಳಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಏರಿಸುವುದು ಇನ್ನೂ ಕಷ್ಟ. ತಲೆಗಿಂತ ಮೇಲೆ ಕೈಯೆತ್ತಿ ಮಾಡುವ ಕೆಲಸ ಅಷ್ಟೇ ಶ್ರಮದ ಕಾಲಿನ ಕೆಲಸಕ್ಕಿಂತ ಹೃದಯಕ್ಕೆ ಹೆಚ್ಚು ಭಾರ. ಬೈಪಾಸ್ ಶಸ್ತ್ರಚಿಕಿತ್ಸೆಯಾಗಿದ್ದರೆ ಕೊಯ್ದ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಮೂಟೆ ಇರಲಿ, ತುಂಬಿದ ಕೊಡವನ್ನೂ ಮುಟ್ಟಕೂಡದು. ಹಾಗಾಗಿ ನೆಂಟರ ಮಾತಿನಲ್ಲಿ ಅರ್ಧ ನಿಜವಿದೆ: ಕಾಯಿ ಎತ್ತುವುದು ಸದ್ಯಕ್ಕೆ ಬೇಡ. ಮಲಗಿರಿ ಎಂಬುದಷ್ಟೇ ತಪ್ಪು.

ಊರಿಗೆ ಬರುವ ದಾರಿ

ಹೃದಯ ಪುನಶ್ಚೇತನದ ತರಬೇತಿ ಕೇಂದ್ರಗಳು ನಮ್ಮಲ್ಲಿ ಹೆಚ್ಚಾಗಿ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿವೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಕ್ರಮ ವಾರಕ್ಕೆ ಮೂರರಂತೆ ಹನ್ನೆರಡು ವಾರ, ಒಟ್ಟು 36 ಸಲ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. 36 ಸಲ ಹೋಗಿ ಬರುವುದೆಂದರೆ ಹತ್ತು ಸಾವಿರ ಕಿಲೋಮೀಟರ್ ದಾಟುತ್ತದೆ! ಹೊನ್ನವಳ್ಳಿಯ ರೈತನೊಬ್ಬ ಹೀಗೆ ಓಡಾಡಿಯಾನೆಂದು ಯಾರೂ ನಿರೀಕ್ಷಿಸಲಾರರು. ತರಬೇತಿಯೇ ಊರಿಗೆ ಬರಬೇಕು.

ಅದು ಸಾಧ್ಯವೆಂದು ತೋರಿಸಿದ ಕೆಲಸ ಬೆಂಗಳೂರಿನಲ್ಲೇ ರೂಪುಗೊಂಡಿತು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ದೇಶದ 14 ಆಸ್ಪತ್ರೆಗಳ 806 ರೋಗಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂತು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ವರ್ಷವಿಡೀ ಆಗಾಗ ಭೇಟಿಯಾಗಿ ಮಾತ್ರೆ, ನಡಿಗೆ, ತಂಬಾಕು ಬಿಡುವುದು ಇವುಗಳ ಬಗ್ಗೆ ಮಾತಾಡುತ್ತಿದ್ದರು. ವರ್ಷದ ಕೊನೆಗೆ ಮಾತ್ರೆ ತಪ್ಪದೆ ನುಂಗುತ್ತಿದ್ದವರು ಈ ಗುಂಪಿನಲ್ಲಿ ಶೇ. 97, ಇನ್ನೊಂದರಲ್ಲಿ ಶೇ. 92. ವ್ಯಾಯಾಮ ಮಾಡುತ್ತಿದ್ದವರೂ, ತಂಬಾಕು ಬಿಟ್ಟವರೂ ಈ ಗುಂಪಿನಲ್ಲೇ ಹೆಚ್ಚು. ಯೋಗವನ್ನು ಆಧರಿಸಿದ ಪುನಶ್ಚೇತನವನ್ನೂ ಭಾರತದ 24 ಆಸ್ಪತ್ರೆಗಳ ಸುಮಾರು 4,000 ರೋಗಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಸಾವು ಮತ್ತು ಮರು ಆಘಾತ ಕಡಿಮೆಯಾಯಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಆದರೆ ತಮ್ಮ ಆರೋಗ್ಯದ ಬಗ್ಗೆ ರೋಗಿಗಳ ಸ್ವಂತ ಅಭಿಪ್ರಾಯ ಸುಧಾರಿಸಿತು, ಹಿಂದಿನ ಚಟುವಟಿಕೆಗಳಿಗೆ ಮರಳಿದವರು ಹೆಚ್ಚಾದರು. ನನ್ನ ಅಭಿಪ್ರಾಯದಲ್ಲಿ ಯೋಗ ನಡಿಗೆಗೆ ಬದಲಿಯಲ್ಲ. ನಡೆಯಲು ಹೆದರುವವರಿಗೆ ಒಳ್ಳೆಯ ಆರಂಭ.

ನಿಮ್ಮೂರಿನ ಆಶಾ ಕಾರ್ಯಕರ್ತೆಯೊಡನೆ ಈ ವಿಷಯ ಮಾತಾಡಿ ನೋಡಿ. ತಂದೆಯ ಜೊತೆ ನಡೆಯುವವರು ನೀವೇ ಆದರೆ, ವೈದ್ಯರು ಬರೆದುಕೊಟ್ಟಿರುವ, ನಾಲಿಗೆಯಡಿ ಇಡುವ ಮಾತ್ರೆ ಜೇಬಿನಲ್ಲಿರಲಿ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ತಲೆ ಸುತ್ತು, ತಾಳ ತಪ್ಪಿದ ಬಡಿತ, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಕೂರಿಸಿ. ಎದೆ ಬಿಗಿತ ಅಥವಾ ನೋವಿದ್ದು ತಲೆ ಸುತ್ತು ಇಲ್ಲದಿದ್ದರೆ ಮಾತ್ರ ಮಾತ್ರೆ ಇಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ "ಗ್ಯಾಸ್ ಇರಬೇಕು" ಎಂದು ಕಾಯದೆ 108ಕ್ಕೆ ಕರೆ ಮಾಡಿ. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿ ನಂತರ ಜಾರಿಗೆ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೆಂದು ನಡಿಗೆ ಆರಂಭಿಸುವ ಮೊದಲೇ ವಿಚಾರಿಸಿ, ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.